ಇಲಿಯ ಕಣ್ಣಲ್ಲಿ ಕೆಂಪು ಚುಕ್ಕೆ ಎಣಿಸಿದ್ದು

ಮೊದಲ ಮೂರು ವಾರ ನಾನು ಎಣಿಸಿದ್ದು ಕಸ. ಎಣಿಸಬೇಕಿದ್ದದ್ದೂ ಕಸವೇ, ಆದರೆ ಅದು ಬೇರೆ ಕಸ.

ಮೈಟೊಕಾಂಡ್ರಿಯ ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ. ಇಲಿಯ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರದಲ್ಲಿ, ಕೆಟ್ಟ ಮೈಟೊಕಾಂಡ್ರಿಯಗಳು ಎಲ್ಲಿ, ಎಷ್ಟು ಜೀರ್ಣವಾಗುತ್ತವೆ ಅಂತ ನೋಡುವುದು ನನ್ನ ಕೆಲಸ. ರೆಟಿನಾದ ನರಕೋಶ ಸತ್ತರೆ ನಮ್ಮಂಥ ಸಸ್ತನಿಗಳಲ್ಲಿ ಅದರ ಜಾಗಕ್ಕೆ ಹೊಸದು ಬರುವುದಿಲ್ಲ. ಕೋಶ ಹಳೆಯದೇ, ಒಳಗಿನ ಮೈಟೊಕಾಂಡ್ರಿಯ ಮಾತ್ರ ಬದಲಾಗುತ್ತಿರಬೇಕು. ಕೆಟ್ಟದ್ದನ್ನು ಕೋಶದ ಜೀರ್ಣಚೀಲವಾದ ಲೈಸೊಸೋಮಿಗೆ ತಳ್ಳಿ ಕರಗಿಸುವುದಕ್ಕೆ ಮೈಟೊಫೇಜಿ ಅನ್ನುತ್ತೇವೆ.

ಇದಕ್ಕೆ ಬಳಸಿದ್ದು ಮೈಟೊ-ಕ್ಯೂಸಿ ಇಲಿ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೂಪಿಸಿ 2016ರಲ್ಲಿ ಪ್ರಕಟಿಸಿದ ತಳಿ. ಮೈಟೊಕಾಂಡ್ರಿಯದ ಹೊರಪೊರೆಗೆ ಹಸಿರು, ಕೆಂಪು ಎರಡೂ ಹೊಳೆಯುವ ಪ್ರೋಟೀನ್ ಅಂಟಿಸಿರುತ್ತಾರೆ. ಲೈಸೊಸೋಮಿನ ಆಮ್ಲಕ್ಕೆ ಸಿಕ್ಕಾಗ ಹಸಿರು ಆರುತ್ತದೆ, ಕೆಂಪು ತಡೆದುಕೊಳ್ಳುತ್ತದೆ. ಬರೀ ಕೆಂಪು ಚುಕ್ಕೆ ಕಂಡಿತೋ, ಅಲ್ಲೊಂದು ಮೈಟೊಕಾಂಡ್ರಿಯ ಕರಗುತ್ತಿದೆ ಅಂತ ಲೆಕ್ಕ. ಕಣ್ಣನ್ನು ಅದ್ದಿಡುವ ಫಾರ್ಮಾಲ್ಡಿಹೈಡಿನ ಪಿಎಚ್ 7.0ರ ಆಸುಪಾಸಿನಲ್ಲೇ ಇರಬೇಕು, ಇಲ್ಲದಿದ್ದರೆ ಬಣ್ಣದ ಲೆಕ್ಕವೆಲ್ಲ ಏರುಪೇರು. ಹಿಂದಿನ ದಿನ ಮಾಡಿಟ್ಟ ದ್ರಾವಣವನ್ನೂ ನಾನು ಮೀಟರಿಗೆ ಹಿಡಿಯದೆ ಬಿಡುವುದಿಲ್ಲ. ಲ್ಯಾಬಿನಲ್ಲಿ ನಗುತ್ತಾರೆ, ನಗಲಿ.

ಮೊದಲು ನೋಡಿದ್ದು ರೆಟಿನಾದ ಹಿಂದಿರುವ ಕಪ್ಪು ಪದರ, ಪಿಗ್ಮೆಂಟ್ ಎಪಿಥೀಲಿಯಂ. ಮುದಿ ಇಲಿಗಳಲ್ಲಿ ಕೆಂಪು ಚುಕ್ಕೆಗಳ ಜಾತ್ರೆ! ವಯಸ್ಸಾದಂತೆ ಮೈಟೊಫೇಜಿ ಹೆಚ್ಚುತ್ತದೆ ಅಂತ ಗ್ರಾಫ್ ಎಳೆದು ಮೇಡಂಗೆ ತೋರಿಸಿದೆ. ಅವರು ಕೇಳಿದ್ದು ಒಂದೇ: "ಬಣ್ಣ ಇಲ್ಲದ ಮುದಿ ಇಲಿ ನೋಡಿದ್ದೀರಾ?"

ನೋಡಿರಲಿಲ್ಲ. ಆ ಹಸಿರು-ಕೆಂಪು ಪ್ರೋಟೀನಿನ ಜೀನ್ ಇಲ್ಲದ ಅದೇ ವಯಸ್ಸಿನ ಇಲಿಯ ಕಣ್ಣು ಕೊಯ್ದು ಕನ್‌ಫೋಕಲ್ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದೇ ಚುಕ್ಕೆಗಳು, ಅಷ್ಟೇ ಕೆಂಪು. ಲಿಪೊಫಸಿನ್! ಈ ಪದರದ ಕೋಶಗಳು ದಿನಾ ಬೆಳಕುಗ್ರಾಹಿಗಳ ತುದಿ ನುಂಗುತ್ತವಲ್ಲ, ಅರಗದೆ ಉಳಿದದ್ದು ವರ್ಷಗಟ್ಟಲೆ ಒಳಗೇ ಕೂತು ತನ್ನಷ್ಟಕ್ಕೆ ಹೊಳೆಯುತ್ತದೆ. ಗ್ರಾಫ್ ಡಿಲೀಟ್ ಮಾಡಿದೆ. ಅಂದಿನಿಂದ ಪ್ರತಿ ಸ್ಲೈಡಿಗೂ 640 ನ್ಯಾನೋಮೀಟರ್ ಲೇಸರಿನಲ್ಲಿ ಇನ್ನೊಂದು ಚಿತ್ರ ತೆಗೆಯುತ್ತೇನೆ. ನಮ್ಮ ಕೆಂಪು ಪ್ರೋಟೀನು ಅಲ್ಲಿ ಹೊಳೆಯುವುದಿಲ್ಲ, ಲಿಪೊಫಸಿನ್ ಹೊಳೆಯುತ್ತದೆ. ಅಲ್ಲಿ ಕಂಡ ಚುಕ್ಕೆಯನ್ನು ಲೆಕ್ಕದಿಂದ ಕಿತ್ತು ಹಾಕುತ್ತೇನೆ.

ಬೆಳಕುಗ್ರಾಹಿಗಳಲ್ಲಿ ಈ ಕಾಟ ಕಡಿಮೆ. ಅಲ್ಲಿ ಕಂಡದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅವುಗಳ ಮೈಟೊಕಾಂಡ್ರಿಯಗಳು ಒಳತುಂಡಿನಲ್ಲಿ ಒತ್ತೊತ್ತಾಗಿ ತುಂಬಿರುತ್ತವೆ, ಹಸಿರು-ಕೆಂಪು ಬೆರೆತ ಒಂದು ಪಟ್ಟಿಯ ಹಾಗೆ. ಬರೀ ಕೆಂಪು ಚುಕ್ಕೆಗಳು ಮಾತ್ರ ಆ ಪಟ್ಟಿಯಿಂದ ಒಳಗೆ, ನ್ಯೂಕ್ಲಿಯಸ್‌ಗಳ ಸಾಲಿನ ನಡುವೆ. ರೆಟಿನಾದ ಬೇರೆ ಯಾವ ಪದರದಲ್ಲೂ ಇಷ್ಟು ಸಿಕ್ಕಿಲ್ಲ. ಒಲೆ ಒಂದು ಕಡೆ, ಮುಸುರೆ ತಿಕ್ಕುವುದು ಹಿತ್ತಲಲ್ಲಿ. ಕೆಟ್ಟದ್ದು ಅಲ್ಲಿಯತನಕ ಸಾಗಿ ಬರುತ್ತದೆ ಅಂತ ನನ್ನ ಊಹೆ.

ಕೆಟ್ಟ ಮೈಟೊಕಾಂಡ್ರಿಯವನ್ನು ಗುರುತಿಸಿ ಮೈಟೊಫೇಜಿ ಶುರು ಮಾಡಿಸುವುದು ಪಿಂಕ್1 ಎಂಬ ಪ್ರೋಟೀನ್ ಅಂತ ಪಠ್ಯಪುಸ್ತಕಗಳಲ್ಲಿದೆ. ಅದು ಇಲ್ಲದ ಇಲಿಯಲ್ಲೂ ಈ ಚುಕ್ಕೆಗಳು ಇದ್ದೇ ಇದ್ದವು. ಅವನ್ನಷ್ಟೇ ಓದಿದವರಿಗೆ ಅಚ್ಚರಿಯಾಗಬಹುದು, ಪಿಂಕ್1 ಇಲ್ಲದೆಯೂ ಮೈಟೊಫೇಜಿ ನಡೆಯುತ್ತದೆ ಅಂತ ತೋರಿಸಿದ 2018ರ ಪ್ರಬಂಧಗಳನ್ನು ಓದಿದ್ದ ನಮಗೆ ಆಗಲಿಲ್ಲ.

ದೃಷ್ಟಿನರದ ಬುಡ ಇನ್ನೂ ಬಾಕಿ. ಅಲ್ಲಿ ನರತಂತುಗಳು ತಮ್ಮ ಮೈಟೊಕಾಂಡ್ರಿಯಗಳನ್ನು ಹೊರಗೆ ಚೆಲ್ಲುತ್ತವೆ, ಪಕ್ಕದ ಆಸ್ಟ್ರೊಸೈಟ್‌ಗಳು (ನರಕೋಶಗಳಿಗೆ ಆಸರೆಯಾಗಿರುವ ಕೋಶಗಳು) ಅವನ್ನು ಜೀರ್ಣಿಸುತ್ತವೆ ಅಂತ 2014ರಲ್ಲೇ ತೋರಿಸಿದ್ದಾರೆ. ನಮ್ಮ ಇಲಿಯಲ್ಲಿ ಎರಡೂ ಕೋಶಗಳಿಗೆ ಅದೇ ಬಣ್ಣ, ಚುಕ್ಕೆ ಕಂಡರೂ ಯಾರದ್ದೆಂದು ತಿಳಿಯುವುದಿಲ್ಲ. ಅಲ್ಲಿ ನಾನು ಒಂದನ್ನೂ ಎಣಿಸಿಲ್ಲ.