ಎಸ್‌ಎಸ್‌ಪಿ ಸ್ಕಾಲರ್‌ಶಿಪ್: ಅರ್ಜಿ ಅರ್ಧ ಗಂಟೆ ಕೆಲ್ಸ, ಅದಕ್ಕೆ ಮುಂಚಿನ ಓಡಾಟಾನೇ ಜಾಸ್ತಿ

ಕಾಲೇಜ್ ಶುರುವಾದ್ರೆ ಸಾಕು, ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ "ಎಸ್‌ಎಸ್‌ಪಿ ಓಪನ್ ಆಯ್ತಾ, ಲಾಸ್ಟ್ ಡೇಟ್ ಯಾವಾಗ" ಅಂತ ಶುರುವಾಗತ್ತೆ. ಎಲ್ರೂ ಡೇಟ್ ಹಿಂದೆ ಬಿದ್ದಿರ್ತಾರೆ, ಆದ್ರೆ ನಾನು ನೋಡಿರೋ ಮಟ್ಟಿಗೆ ದುಡ್ಡು ಬರ್ದೇ ಇರೋದು ಲೇಟಾಗಿ ಹಾಕಿದ್ದಕ್ಕಲ್ಲ, ಆಧಾರಲ್ಲಿ ಒಂದು ಹೆಸ್ರು, ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂದು, ಬ್ಯಾಂಕಲ್ಲಿ ಆಧಾರ್ ಸೀಡಿಂಗೇ (ಸರ್ಕಾರದ ದುಡ್ಡು ಬರೋಕೆ ಅಕೌಂಟ್‌ಗೆ ಆಧಾರ್ ಜೋಡ್ಸೋದು) ಆಗಿಲ್ಲ, ಇಂಥವಕ್ಕೇ. ಅದಕ್ಕೆ ಪೋರ್ಟಲ್ ಓಪನ್ ಆಗೋ ಮುಂಚೇನೇ ಇವನ್ನ ಸರಿ ಮಾಡ್ಕೊಂಡು ಕೂತಿರಿ.

ಮೊದ್ಲು ಇದು ಯಾರಿಗೆ ಅಂತ ಹೇಳ್ಬಿಡ್ತೀನಿ. ಎಸ್‌ಎಸ್‌ಪಿ ಅಂದ್ರೆ ಕರ್ನಾಟಕ ಸರ್ಕಾರದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಸ್‌ಎಸ್‌ಎಲ್‌ಸಿ ಆದ್ಮೇಲೆ ಪಿಯು, ಐಟಿಐ, ಡಿಪ್ಲೊಮಾ, ಡಿಗ್ರಿ, ಬಿಇ, ಪಿಜಿ ಏನೇ ಓದ್ತಿರ್ಲಿ ಪೋಸ್ಟ್ ಮೆಟ್ರಿಕ್ ಕಡೆ ಬರ್ತೀರ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಇಷ್ಟೂ ಇಲಾಖೆಗೆ ಅರ್ಜಿ ಒಂದೇ. ಯಾವ ಇಲಾಖೆ ಅಂತ ನೀವು ಹುಡುಕ್ಬೇಕಾಗಿಲ್ಲ, ನಿಮ್ ಜಾತಿ, ಆದಾಯ, ಕೋರ್ಸ್ ನೋಡ್ಕೊಂಡು ಅದೇ ಕಳ್ಸತ್ತೆ. ಆದಾಯದ ಮಿತಿ ಒಂದೊಂದು ವರ್ಗಕ್ಕೆ ಒಂದೊಂಥರ, ಎಸ್‌ಸಿ ವಿದ್ಯಾರ್ಥಿಗಳ ಕೇಂದ್ರದ ಸ್ಕೀಮ್‌ಗೆ 2.5 ಲಕ್ಷ, ಉಳಿದವರು ಆ ವರ್ಷದ ನೋಟಿಫಿಕೇಶನ್ ಓದಿ, ಯೂಟ್ಯೂಬ್ ಥಂಬ್‌ನೇಲಲ್ಲಿ ಹಾಕಿರೋ ನಂಬರ್ ನಂಬ್ಬೇಡಿ.

ಈಗ ಹೆಸರಿನ ವಿಷ್ಯ. ಆಧಾರ್, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಜಾತಿ ಆದಾಯ ಸರ್ಟಿಫಿಕೇಟ್, ಬ್ಯಾಂಕ್ ಪಾಸ್‌ಬುಕ್, ನಾಲ್ಕನ್ನೂ ಟೇಬಲ್ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಅಕ್ಷರ ನೋಡಿ. ನಮ್ಮಲ್ಲಿ ಇನಿಶಿಯಲ್ಲೇ ದೊಡ್ಡ ತಲೆನೋವು, ಮಾರ್ಕ್ಸ್ ಕಾರ್ಡಲ್ಲಿ "ಮಂಜುನಾಥ ಎಚ್", ಆಧಾರಲ್ಲಿ "ಎಚ್ ಮಂಜುನಾಥ್", ಆದಾಯ ಸರ್ಟಿಫಿಕೇಟಲ್ಲಿ ಬರೀ "ಮಂಜುನಾಥ". ಮನುಷ್ಯ ನೋಡಿದ್ರೆ ಒಬ್ನೇ ಅಂತ ಗೊತ್ತಾಗತ್ತೆ, ಕಂಪ್ಯೂಟರ್‌ಗೆ ಗೊತ್ತಾಗಲ್ಲ. ಮಾರ್ಕ್ಸ್ ಕಾರ್ಡ್ ತಿದ್ಸೋದು ಬೋರ್ಡ್ ತನಕ ಹೋಗೋ ಕೆಲ್ಸ, ಆಧಾರ್ ತಿದ್ಸೋದು ಸುಲಭ, ಅದಕ್ಕೆ ಮಾರ್ಕ್ಸ್ ಕಾರ್ಡಲ್ಲಿ ಹೇಗಿದ್ಯೋ ಹಾಗೇ ಆಧಾರ್ ಮಾಡ್ಸಿ, ಆಮೇಲೆ ಅದೇ ಸ್ಪೆಲ್ಲಿಂಗ್ ಹಿಡ್ಕೊಂಡು ಬ್ಯಾಂಕ್‌ಗೆ ಹೋಗಿ. ಆಧಾರ್‌ಗೆ ನಿಮ್ ಕೈಲಿರೋ ಮೊಬೈಲ್ ನಂಬರೇ ಲಿಂಕ್ ಆಗಿರ್ಲಿ, ಓಟಿಪಿ ಇಲ್ದೆ ಒಂದು ಹೆಜ್ಜೆನೂ ಮುಂದೆ ಹೋಗಲ್ಲ.

ಜಾತಿ, ಆದಾಯ ಸರ್ಟಿಫಿಕೇಟ್ ನಾಡಕಚೇರಿಲೋ ಗ್ರಾಮ ಒನ್‌ನಲ್ಲೋ ಹಾಕ್ಬೋದು. ಎಸ್‌ಎಸ್‌ಪಿಗೆ ಅದರ ಸ್ಕ್ಯಾನ್ ಕಾಪಿ ಬೇಡ, ಮೇಲ್ಗಡೆ ಇರೋ ಆರ್‌ಡಿ ನಂಬರ್ ಸಾಕು. ಆರ್‌ಡಿ ಅಂತ ಎರಡಕ್ಷರ, ಆಮೇಲೆ 13 ಅಂಕಿ, ಒಟ್ಟು 15. ಮಧ್ಯ ಸಾಲಾಗಿ ಸೊನ್ನೆ ಬಂದಿರತ್ತೆ, ಒಂದು ಸೊನ್ನೆ ಬಿಟ್ಟೋಗಿ "ದಾಖಲೆ ಸಿಗ್ತಿಲ್ಲ" ಅಂತ ತಲೆ ಕೆಡಿಸ್ಕೊಳ್ಳೋರು ಬೇಕಾದಷ್ಟು ಜನ ಇದಾರೆ, ಎಣಿಸಿ ಹಾಕಿ. ನಂಬರ್ ಹಾಕಿದ ತಕ್ಷಣ ಸರ್ಟಿಫಿಕೇಟಲ್ಲಿರೋ ಹೆಸ್ರು, ಜಾತಿ, ಆದಾಯ ಸ್ಕ್ರೀನ್ ಮೇಲೆ ಬರತ್ತೆ, ಅದನ್ನ ಓದದೇ ನೆಕ್ಸ್ಟ್ ಒತ್ಬೇಡಿ. ಆದಾಯ ಸರ್ಟಿಫಿಕೇಟ್‌ಗೆ ಸಾಮಾನ್ಯವಾಗಿ ಐದು ವರ್ಷ ಅವಧಿ, ಪಿಯುಗೆ ಅಂತ ಮಾಡ್ಸಿದ್ದು ಫೈನಲ್ ಇಯರ್ ಹೊತ್ತಿಗೆ ಮುಗ್ದಿರ್ಬೋದು, ನೋಡ್ಕೊಳ್ಳಿ.

ಬ್ಯಾಂಕ್ ವಿಷ್ಯ ಸ್ವಲ್ಪ ಉದ್ದ ಇದೆ, ಯಾಕಂದ್ರೆ ಜಾಸ್ತಿ ಜನ ಸಿಕ್ಕಾಕ್ಕೊಳ್ಳೋದು ಇಲ್ಲೇ. ಕೌಂಟರಲ್ಲಿ "ಮೇಡಂ ಆಧಾರ್ ಲಿಂಕ್ ಆಗಿದ್ಯಾ" ಅಂತ ಕೇಳಿದ್ರೆ "ಆಗಿದೆ ಹೋಗಪ್ಪ" ಅಂತಾರೆ, ಅವ್ರು ಸುಳ್ಳು ಹೇಳ್ತಿಲ್ಲ, ಕೆವೈಸಿಗೆ, ಅಂದ್ರೆ ಗುರುತಿನ ದಾಖಲೆಯಾಗಿ, ಲಿಂಕ್ ಆಗಿರತ್ತೆ. ಆದ್ರೆ ಸರ್ಕಾರದ ದುಡ್ಡು ಬರೋದು ಅಕೌಂಟ್ ನಂಬರ್ ನೋಡ್ಕೊಂಡಲ್ಲ, ಆಧಾರ್ ನಂಬರ್ ನೋಡ್ಕೊಂಡು, ಆ ಆಧಾರ್ ಯಾವ ಬ್ಯಾಂಕ್‌ಗೆ ಹೋಗ್ಬೇಕು ಅನ್ನೋದು ಎನ್‌ಪಿಸಿಐ (ಬ್ಯಾಂಕ್‌ಗಳ ನಡುವಿನ ಪಾವತಿ ನೋಡ್ಕೊಳ್ಳೋ ಸಂಸ್ಥೆ) ಇಟ್ಟಿರೋ ಮ್ಯಾಪರ್ ಅನ್ನೋ ಪಟ್ಟಿಲಿ ಇರ್ಬೇಕು. ಅದಕ್ಕೆ "ಎನ್‌ಪಿಸಿಐ ಸೀಡಿಂಗ್ ಮಾಡ್ಕೊಡಿ, ಡಿಬಿಟಿಗೆ" (ಸರ್ಕಾರದ ದುಡ್ಡು ನೇರ ಅಕೌಂಟ್‌ಗೆ ಬರೋದೇ ಡಿಬಿಟಿ) ಅಂತ ಬಾಯ್ಬಿಟ್ಟು ಕೇಳಿ, ಕನ್ಸೆಂಟ್ ಫಾರ್ಮ್ ತುಂಬ್ಕೊಡಿ. ಇನ್ನೊಂದು, ಎರಡ್ಮೂರು ಅಕೌಂಟ್ ಇದ್ರೆ ಕೊನೇಲಿ ಯಾವುದು ಸೀಡ್ ಆಯ್ತೋ ಅಲ್ಲಿಗೇ ದುಡ್ಡು. "ಬಂದಿಲ್ಲ ಬಂದಿಲ್ಲ" ಅಂತ ಒಂದು ಪಾಸ್‌ಬುಕ್ ಎಂಟ್ರಿ ಮಾಡ್ಸ್ತಾ ಇರ್ತಾರೆ, ಅದು ಆರಾಮಾಗಿ ಇನ್ನೊಂದು ಅಕೌಂಟಲ್ಲಿ ಬಿದ್ದಿರತ್ತೆ. ಯಾವ ಬ್ಯಾಂಕ್ ಅಂತ ಮೈಆಧಾರ್ ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿದ್ರೆ ಗೊತ್ತಾಗತ್ತೆ. ಬ್ಯಾಂಕ್‌ನವ್ರು ಆಟ ಆಡಿಸ್ತಿದ್ರೆ ಪೋಸ್ಟ್ ಆಫೀಸಲ್ಲಿ ಐಪಿಪಿಬಿ (ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್) ಅಕೌಂಟ್ ಮಾಡ್ಸಿ, ಜಗಳ ಆಡೋಕಿಂತ ಅದು ಬೇಗ ಆಗತ್ತೆ.

ಇಷ್ಟಾದ್ರೆ ಅರ್ಜಿ. ಸೈಟ್ ವಿಳಾಸ ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್ ಅಂತಾನೇ ಮುಗೀಬೇಕು, ಬೇರೆ ಥರ ಮುಗಿದ್ರೆ ಆಧಾರ್ ನಂಬರ್ ಹಾಕೋಕೆ ಹೋಗ್ಬೇಡಿ. ಪೋಸ್ಟ್ ಮೆಟ್ರಿಕ್ ಪೇಜಲ್ಲಿ ಆಧಾರ್ ಕೊಟ್ಟು ಖಾತೆ ತೆರೆದ್ರೆ ಎಸ್‌ಎಸ್‌ಪಿ ಐಡಿ ಸಿಗತ್ತೆ, ಪಾಸ್‌ವರ್ಡ್ ಜೊತೆ ಎಲ್ಲಾದ್ರೂ ಬರ್ದಿಡಿ. ಸೈಬರ್ ಸೆಂಟರಲ್ಲಿ ಹಾಕಿಸ್ತಿದ್ರೆ ಪಕ್ಕದಲ್ಲೇ ಕೂತು ಮೊಬೈಲ್ ನಂಬರ್ ಕಾಲಂ ನೋಡಿ, ನಮ್ಮ ಬೀದಿ ಹುಡುಗಿಗೆ ಅಂಗಡಿಯವನು ಅರ್ಜೆಂಟಲ್ಲಿ ಅವನದೇ ನಂಬರ್ ಹೊಡ್ದಿದ್ದ, ಮುಂದಿನ ವರ್ಷ ಓಟಿಪಿ ಬೇಕು ಅಂದಾಗ ಅಂಗಡಿನೇ ಇರ್ಲಿಲ್ಲ.

ಒಳಗೆ ಮೊದ್ಲು ವೈಯಕ್ತಿಕ ವಿವರ, ಅಪ್ಪ ಅಮ್ಮನ ವಿವರ, ಆರ್‌ಡಿ ನಂಬರ್, ಎಸ್‌ಎಸ್‌ಎಲ್‌ಸಿ ರಿಜಿಸ್ಟರ್ ನಂಬರ್, ಇದೆಲ್ಲ ಸಲೀಸು. ಈಗಿನ ಕೋರ್ಸ್ ಕೇಳೋ ಜಾಗದಲ್ಲಿ ನಿಧಾನ ಮಾಡಿ, ಯೂನಿವರ್ಸಿಟಿ, ಕಾಲೇಜ್, ಎಷ್ಟನೇ ವರ್ಷ, ಸೀಟ್ ಸಿಇಟಿಯಿಂದ ಬಂದಿದ್ದೋ ಮ್ಯಾನೇಜ್‌ಮೆಂಟೋ, ಕಟ್ಟಿರೋ ಫೀಸ್ ಎಷ್ಟು. ಫೀಸ್ ರಶೀದಿಲಿ ಇರೋದನ್ನೇ ಹಾಕಿ, ಅಂದಾಜಲ್ಲಿ ರೌಂಡ್ ಮಾಡ್ಬೇಡಿ. ಡಿಗ್ರಿಯವರ ವಿವರ ಯುಯುಸಿಎಂಎಸ್‌ನಲ್ಲಿ (ಯೂನಿವರ್ಸಿಟಿ, ಕಾಲೇಜ್‌ಗಳ ದಾಖಲೆ ಇಡೋ ಸರ್ಕಾರಿ ಪೋರ್ಟಲ್) ಇರತ್ತೆ, ಕಾಲೇಜ್‌ನವ್ರು ಅಲ್ಲಿ ಅಪ್‌ಡೇಟ್ ಮಾಡಿಲ್ಲ ಅಂದ್ರೆ ನೀವು ಎಷ್ಟು ಸಲ ರಿಫ್ರೆಶ್ ಮಾಡಿದ್ರೂ ಅಷ್ಟೇ, ಆಫೀಸ್‌ಗೆ ಹೋಗಿ ಹೇಳ್ಬೇಕು. ಸ್ಟಡಿ ಸರ್ಟಿಫಿಕೇಟ್, ಫೀಸ್ ರಶೀದಿ, ಹಾಸ್ಟೆಲ್ ಪತ್ರ ಇಂಥವನ್ನ ಇ-ಅಟೆಸ್ಟೇಶನ್, ಅಂದ್ರೆ ಆನ್‌ಲೈನಲ್ಲೇ ದೃಢೀಕರಣ, ಮಾಡಿಸ್ಬೇಕು, ಅದಕ್ಕೇ ಅಂತ ಕಾಲೇಜಲ್ಲಿ ಒಬ್ರು ಅಧಿಕಾರಿ ಇರ್ತಾರೆ, ಅವ್ರು ಒಪ್ಪಿದ್ಮೇಲೆ ಬರೋ ಐಡಿ ಅರ್ಜಿಲಿ ಹಾಕ್ಬೇಕು. ಲಾಸ್ಟ್ ಡೇಟ್ ಹತ್ರ ಬಂದಾಗ ಅವರ ರೂಮ್ ಮುಂದೆ ಕ್ಯೂ ನಿಲ್ಲೋಕೂ ಜಾಗ ಇರಲ್ಲ, ಇದನ್ನ ಮೊದಲ ವಾರದಲ್ಲೇ ಮುಗಿಸಿ.

ಹಾಸ್ಟೆಲ್ ಪ್ರಶ್ನೆಗೆ ಉತ್ತರ ಕೊಡೋವಾಗ ವಿದ್ಯಾಸಿರಿ ನೆನಪಿರ್ಲಿ. ಹಿಂದುಳಿದ ವರ್ಗದವರಾಗಿ, ಊರು ಬಿಟ್ಟು ಓದ್ತಿದ್ದು, ಸರ್ಕಾರಿ ಹಾಸ್ಟೆಲ್ ಸಿಗದೇ ರೂಮಲ್ಲೋ ಪಿಜಿಲೋ ಇರೋರಿಗೆ ಊಟ ವಸತಿಗೆ ಅಂತ ಕೊಡೋದು ಇದು, ತಿಂಗಳಿಗೆ 1,500 ಥರ ಹತ್ತು ತಿಂಗಳಿಗೆ 15,000 ಅಂತ ಶುರುವಾಗಿದ್ದು. ಮನೆಯಿಂದ ಓಡಾಡ್ತೀನಿ ಅಂತ ಸುಮ್ನೆ ಟಿಕ್ ಮಾಡ್ಬಿಟ್ರೆ ಹೋಯ್ತು. ಅಪ್ಪನೋ ಅಮ್ಮನೋ ರೈತರಾಗಿದ್ರೆ ಫ್ರೂಟ್ಸ್ ಅನ್ನೋ ಸರ್ಕಾರದ ರೈತರ ಪೋರ್ಟಲಲ್ಲಿ ಎಫ್‌ಐಡಿ (ರೈತರ ಗುರುತಿನ ನಂಬರ್) ಆಗಿದ್ಯಾ ಅಂತಾನೂ ನೋಡಿ, 2021ರಲ್ಲಿ ರೈತರ ಮಕ್ಕಳಿಗೆ ಅಂತ ಬಂದ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಅದರ ಮೇಲೇ ನಿಂತಿದ್ದು, ಆಗ ಇಟ್ಟಿದ್ದ ಲೆಕ್ಕದಲ್ಲಿ ಡಿಗ್ರಿ ಹುಡುಗರಿಗೆ 5,000, ಹುಡುಗೀರಿಗೆ 5,500, ಬಿಇ ಎಂಬಿಬಿಎಸ್‌ಗೆ 10,000 ಮತ್ತು 11,000.

ಫೈನಲ್ ಸಬ್ಮಿಟ್ ಆದ್ಮೇಲೆ ತಿದ್ದೋದು ಕಷ್ಟ, ಅದಕ್ಕೆ ಮುಂಚೆ ಪ್ರಿವ್ಯೂನ ಮನೇಲಿ ಇನ್ನೊಬ್ರ ಕೈಲಿ ಓದ್ಸಿ. ಸ್ವೀಕೃತಿ ಪತ್ರ ಪ್ರಿಂಟ್ ತಗೊಂಡು, ಕಾಲೇಜಲ್ಲಿ ಕೇಳಿದ್ರೆ ಒಂದು ಕಾಪಿ ಕೊಡಿ.

ದುಡ್ಡು ಬರೋಕೆ ತಿಂಗಳುಗಳೇ ಹಿಡಿಯತ್ತೆ, ಇದನ್ನ ನಂಬ್ಕೊಂಡು ಸೆಮಿಸ್ಟರ್ ಫೀಸ್ ಪ್ಲಾನ್ ಮಾಡ್ಬೇಡಿ. ಎಸ್‌ಸಿ ವಿದ್ಯಾರ್ಥಿಗಳಿಗೆ ಕೇಂದ್ರದ ಸ್ಕೀಮಲ್ಲಿ ರಾಜ್ಯದ ಪಾಲು 40 ಪರ್ಸೆಂಟ್ ಮೊದ್ಲು, ಕೇಂದ್ರದ 60 ಆಮೇಲೆ ಬೇರೆಯಾಗಿ ಬರತ್ತೆ, ಹಾಗಾಗಿ ಮೊದಲ ಕಂತು ನೋಡಿ "ಇಷ್ಟೇನಾ" ಅಂತ ಗಾಬರಿ ಆಗ್ಬೇಡಿ. ಸ್ಟೇಟಸ್ ಎಸ್‌ಎಸ್‌ಪಿಲೇ ನೋಡ್ಬೋದು, ದುಡ್ಡು ಹೋಗಿರೋದು ಡಿಬಿಟಿ ಕರ್ನಾಟಕ ಆ್ಯಪಲ್ಲಿ ಕಾಣತ್ತೆ. ರಿಜೆಕ್ಟ್ ಅಂತ ಬಂದ್ರೆ ಕಾರಣದ ಸ್ಕ್ರೀನ್‌ಶಾಟ್, ಸ್ವೀಕೃತಿ ಪತ್ರ, ಆಧಾರ್ ಹಿಡ್ಕೊಂಡು ನಿಮ್ ಇಲಾಖೆಯ ತಾಲೂಕು ಕಚೇರಿಗೆ ನೇರ ಹೋಗಿ, ಫೋನಲ್ಲಿ ಇದು ಬಗೆಹರಿಯಲ್ಲ. ಮುಂದಿನ ವರ್ಷ ಹೊಸ ಖಾತೆ ತೆರೆಯೋಕೆ ಹೋಗ್ಬೇಡಿ, ಅದೇ ಐಡಿಲಿ ಲಾಗಿನ್ ಆಗಿ ಆ ವರ್ಷದ ವಿವರ ತುಂಬಿ ಮತ್ತೆ ಅರ್ಜಿ ಹಾಕ್ಬೇಕು, ತಾನಾಗೇ ರಿನ್ಯೂವಲ್ ಆಗಲ್ಲ.