ಸ್ಯಾಂತ್ವಾಂಗೆ ಮನೆ ಮಾಡುವ ಕನ್ನಡದವರಿಗೆ: ಒಮ್ಮೆ ರೆಡ್ ಸ್ಟಾರ್ ಮ್ಯಾಚಿಗೆ ಹೋಗಿ

ಫ್ರಾನ್ಸಿಗೆ ಬಂದ ಮೂರು ತಿಂಗಳೊಳಗೆ ವೀಸಾ ವ್ಯಾಲಿಡೇಷನ್ ಆನ್‌ಲೈನ್‌ನಲ್ಲಿ ಮುಗಿಸಿ, ಬ್ಯಾಂಕ್ ಖಾತೆ ತೆರೆಯಿರಿ, ಆರೋಗ್ಯ ವಿಮೆಗೆ ಅರ್ಜಿ ಹಾಕಿ. ಇದನ್ನೆಲ್ಲ ಆಫೀಸಿನವರೇ ಹೇಳುತ್ತಾರೆ. ನಾನು ಹೇಳಬೇಕಾಗಿರುವುದು ಬೇರೆ.

ನಾವು ಪ್ಯಾರಿಸ್ ಪಕ್ಕದ ಸ್ಯಾಂತ್ವಾಂಗೆ ಬಂದಿದ್ದು 2019ರಲ್ಲಿ. ಮನೆಯಿಂದ ಇಲ್ಲಿನ ಫುಟ್‌ಬಾಲ್ ಟೀಮು ರೆಡ್ ಸ್ಟಾರ್ ಆಡುವ ಬೊವೇರ್ ಸ್ಟೇಡಿಯಂ ಹತ್ತು ನಿಮಿಷದ ದಾರಿ. ಮೂರು ವರ್ಷ ಅದರೊಳಗೆ ಕಾಲಿಡಲಿಲ್ಲ. ಮ್ಯಾಚ್ ದಿನ ಕೂಗು ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಶನಿವಾರ ಲಾ ಶಪೆಲ್‌ಗೆ ಹೋಗಿ ಕರಿಬೇವು, ಅಕ್ಕಿ ತರುವುದು. ಭಾನುವಾರ ಕನ್ನಡದವರ ಮನೆಯಲ್ಲೇ ಊಟ. ಎದುರು ಮನೆಯವರ ಹೆಸರೂ ಗೊತ್ತಿರಲಿಲ್ಲ. ಮಗ ಕ್ಲಾಸಿನವರ ಜೊತೆ ಮ್ಯಾಚಿಗೆ ಹೋಗುತ್ತೇನೆ ಅಂದರೆ, "ಮೂರನೇ ದರ್ಜೆ ಟೀಮು, ಅದನ್ನೇನು ನೋಡ್ತೀಯ? ಸುಮ್ನೆ ಓದ್ಕೋ" ಅಂದೆ. ಎಲ್ಲರೂ ಮ್ಯಾಚಿನ ಮಾತಾಡುವಾಗ ಅವನೊಬ್ಬ ತಲೆ ತಗ್ಗಿಸಿ ಕೂತಿರುತ್ತಿದ್ದನಂತೆ. ನನಗೆ ತಿಳಿಯುವಷ್ಟರಲ್ಲಿ ಬಹಳ ತಡವಾಗಿತ್ತು. ಈಗಲೂ ನೆನೆದರೆ ಕರುಳು ಚುರುಕ್ ಅನ್ನುತ್ತದೆ. ದಯವಿಟ್ಟು ನೀವು ಹೀಗೆ ಮಾಡಬೇಡಿ.

ಆ ‘ಮೂರನೇ ದರ್ಜೆ’ ಟೀಮಿನ ಕತೆ ಕೇಳಿ. 1897ರಲ್ಲಿ ಇದನ್ನು ಕಟ್ಟಿದವರು ಜೂಲ್ಸ್ ರಿಮೆ ಮತ್ತು ಗೆಳೆಯರು. ಮುಂದೆ ಫಿಫಾ ಅಧ್ಯಕ್ಷರಾಗಿ 1930ರಲ್ಲಿ ವಿಶ್ವಕಪ್ ಶುರು ಮಾಡಿದ ರಿಮೆ ಇವರೇ. ಟೀಮು 1909ರಲ್ಲಿ ಈ ಮೈದಾನಕ್ಕೆ ಬಂತು. ಫ್ರೆಂಚ್ ಕಪ್ ಐದು ಸಲ ಗೆದ್ದಿದೆ: 1921, 1922, 1923ರಲ್ಲಿ ಸಾಲಾಗಿ, ಆಮೇಲೆ 1928, 1942. ಮೊದಲ ದರ್ಜೆಯಲ್ಲಿ ಕೊನೆಯ ಸಲ ಆಡಿದ್ದು 1975ರಲ್ಲಿ. 2003ರ ಹೊತ್ತಿಗೆ ದುಡ್ಡಿಲ್ಲದೆ ಆರನೇ ದರ್ಜೆಗೆ ಬಿದ್ದಿತ್ತು. ಅಲ್ಲಿಂದ ಹತ್ತಿ ಹತ್ತಿ 2015ರಲ್ಲಿ ಎರಡನೇ ದರ್ಜೆಗೆ ಬಂದರೆ, ಬೊವೇರ್ ಮೈದಾನ ಆ ದರ್ಜೆಯ ನಿಯಮಕ್ಕೆ ಸಾಲದು ಅಂದರು. ಅಗ್ಗದ ವಿಮಾನ ಹಿಡಿಯಲು ನಾವು ಹೋಗುವ ಬೋವೆ ಅನ್ನೋ ಊರು ಇದೆಯಲ್ಲ, ಅಲ್ಲಿಗೆ ಹೋಗಿ ‘ಹೋಮ್ ಮ್ಯಾಚ್’ ಆಡಬೇಕಾಯಿತು. ಗೆದ್ದಿದ್ದಕ್ಕೇ ಊರು ಬಿಡಬೇಕಾಗುವುದು ಅಂದರೇನು ಅಂತ ನಮಗೆ ಗೊತ್ತು, ಅಲ್ವಾ? ಮತ್ತೆ ಬಿದ್ದು, ಎದ್ದು, ಮತ್ತೆ ಬಿದ್ದು, 2024ರಲ್ಲಿ ಪುನಃ ಎರಡನೇ ದರ್ಜೆಗೆ ಬಂತು. ಆ ಸಂತೋಷದಲ್ಲಿ ನಾವೂ ಇದ್ದೆವು.

ಮ್ಯಾಚಿಗೆ ಹೋಗಲು ಮೆಟ್ರೊ 13ರಲ್ಲಿ ಗರಿಬಾಲ್ದಿಯಲ್ಲಿ ಇಳಿಯಿರಿ. ಸಸ್ಯಾಹಾರಿಗಳು ಮನೆಯಲ್ಲೇ ತಿಂದು ಹೋಗಿ. ಪಕ್ಕದ ಸೀಟಿನವರಿಗೆ ಮೊದಲು ‘ಬೊಂಜೂರ್’ ಹೇಳಿ. ಊರಲ್ಲಿ "ಅಣ್ಣಾ, ಅರ್ಧ ಕೆಜಿ ಸಕ್ಕರೆ" ಅಂದರೆ ಆ ‘ಅಣ್ಣಾ’ದಲ್ಲೇ ಮರ್ಯಾದೆ ಇರುತ್ತದೆ. ಇಲ್ಲಿ ಬೊಂಜೂರ್ ಇಲ್ಲದೆ ಬಾಯಿ ತೆರೆದರೆ ಒರಟಾಗಿ ಕೇಳಿಸುತ್ತದೆ. ನಾನು ಬೇಕರಿಯಲ್ಲಿ ತಿಂಗಳುಗಟ್ಟಲೆ ಹಾಗೆ ಮಾಡಿ, ಇವರೆಲ್ಲ ಸಿಡುಕರು ಅಂದುಕೊಂಡಿದ್ದೆ.

ಬೊವೇರ್ ಸ್ಟೇಡಿಯಂನಲ್ಲಿ ಒಂದು ಸ್ಟ್ಯಾಂಡಿಗೆ ರಿನೊ ಡೆಲ್ಲಾ ನೆಗ್ರಾ ಹೆಸರಿದೆ. ಇಟಲಿಯಿಂದ ವಲಸೆ ಬಂದವರ ಮಗ. ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ, 1943ರಲ್ಲಿ ರೆಡ್ ಸ್ಟಾರ್ ಸೇರಿದ. ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡಿದ ಮನೂಶಿಯಾನ್ ಗುಂಪಿನಲ್ಲಿದ್ದ. 1944ರ ಫೆಬ್ರವರಿ 21ರಂದು ಅವನನ್ನು ಗುಂಡಿಟ್ಟು ಕೊಂದರು. ಬರೀ 20 ವರ್ಷ. ತಮ್ಮನಿಗೆ ಬರೆದ ಕೊನೆಯ ಪತ್ರದಲ್ಲಿ, ರೆಡ್ ಸ್ಟಾರಿನ ಎಲ್ಲರಿಗೂ ನನ್ನ ‘ಬೊಂಜೂರ್’, ನನ್ನ ‘ಅದ್ಯೂ’ ತಿಳಿಸು ಅಂದಿದ್ದ.

ನನ್ನ ಮಗ ಇದನ್ನು ವಿಡಿಯೊ ಕಾಲಿನಲ್ಲಿ ಅಜ್ಜಿಗೆ ಕನ್ನಡದಲ್ಲಿ ಹೇಳಲು ಹೋದ. ಬೊಂಜೂರಿಗೆ ನಮಸ್ಕಾರ ಅಂದ. ಅದ್ಯೂ ಬಂದಾಗ ತಡವರಿಸಿದ. "ಅಮ್ಮ, ಇನ್ನು ಬರೋದೇ ಇಲ್ಲ ಅಂತ ಹೇಳಿ ಹೋಗೋಕೆ ನಮ್ಮಲ್ಲಿ ಏನಂತಾರೆ?" ನನಗೂ ಹೊಳೆಯಲಿಲ್ಲ. ಚಿಕ್ಕವಳಿದ್ದಾಗ ಬರೀ "ಹೋಗ್ತೀನಿ" ಅಂದರೆ ಅಮ್ಮ ಗದರುತ್ತಿದ್ದರು. ಈ ದೇಶಕ್ಕೆ ಹೊರಟ ದಿನವೂ ಬಾಗಿಲಲ್ಲಿ ನಿಂತು ಅವರು ಹೇಳಿಕೊಟ್ಟ ಹಾಗೇ ಹೇಳಿ ಬಂದಿದ್ದೆ.

ಆ ಕಡೆಯಿಂದ ಅಮ್ಮನೇ ಅಂದರು: "ಹೋಗಿ ಬರ್ತೀನಿ ಅಂದ ಅನ್ನು, ಪುಟ್ಟಾ."