ಗ್ರೀನ್ ಕಾರ್ಡ್ ಮಸೂದೆ ಸುದ್ದಿ ಬಂದಾಗ ಏನು ಮಾಡಬೇಕು?

ಅಮೆರಿಕದಲ್ಲಿ ಹೊಸ ವಲಸೆ ಮಸೂದೆ ಬಂತು ಅಂತ ವಾಟ್ಸಾಪ್‌ನಲ್ಲಿ ಓದಿದ ಕೂಡಲೇ ಏಜೆಂಟ್‌ಗೆ ದುಡ್ಡು ಕೊಡಬೇಡಿ. ಮಸೂದೆ ಇನ್ನೂ ಕಾನೂನಲ್ಲ. ಉದ್ಯೋಗದ ಗ್ರೀನ್ ಕಾರ್ಡ್‌ಗೆ (ಅಮೆರಿಕದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಒಂದು ದೇಶಕ್ಕೆ ಶೇ. 7 ಅನ್ನೋ ಮಿತಿ ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365–65 ಮತಗಳಿಂದ ಪಾಸಾಯಿತು, ಮರುವರ್ಷ ಸೆನೆಟ್ ಬೇರೆ ರೂಪದಲ್ಲಿ ಒಪ್ಪಿತು, ಎರಡೂ ಒಂದಾಗದೆ ಬಿದ್ದೇಹೋಯಿತು. ಯಾರ ಸರದಿ ಎಲ್ಲಿಗೆ ಬಂತು ಅಂತ ಅಮೆರಿಕ ಸರ್ಕಾರ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್ ನೋಡಿ. ನಿಮ್ಮ ಪ್ರಯಾರಿಟಿ ಡೇಟ್ (ನೀವು ಗ್ರೀನ್ ಕಾರ್ಡ್ ಸರದಿಗೆ ಸೇರಿದ ದಿನ) ಅಲ್ಲಿರುವ ಭಾರತದ ತಾರೀಖಿಗಿಂತ ಹಿಂದಿನದಾದರೆ ಮಾತ್ರ ಸರದಿ ಬಂದ ಹಾಗೆ.

ಅಲ್ಲಿವರೆಗೆ ಸುಮ್ನೆ ಕೂರಬೇಡಿ, ಅರ್ಜಿಗೆ ಬೇಕಾಗುವ ದಾಖಲೆ ಜೋಡಿಸಿಕೊಳ್ಳಿ. ಕೋಲಾರದ ಕಡೆ ಹಳ್ಳಿಮನೆಯಲ್ಲೇ ಹುಟ್ಟಿದ ಎಷ್ಟೋ ಜನರ ಹತ್ತಿರ ಜನನ ಪ್ರಮಾಣಪತ್ರವೇ ಇಲ್ಲ, ಅಲ್ವಾ? ಜನನ ನೋಂದಣಿ ಅಧಿಕಾರಿಯಿಂದ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ತಗೊಳ್ಳಿ, ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹೆತ್ತವರ ಅಫಿಡವಿಟ್. ಅಂಕಪಟ್ಟಿಯಲ್ಲಿ ಇನಿಷಿಯಲ್ ಬರೀ 'ಎಂ' ಇದ್ದು ಪಾಸ್‌ಪೋರ್ಟ್‌ನಲ್ಲಿ 'ಮುಳಬಾಗಿಲು' ಅಂತ ಬಿಡಿಸಿ ಬರೆದಿದ್ದರೆ, ಇಬ್ಬರೂ ಒಬ್ಬರೇ ಎನ್ನುವ ಅಫಿಡವಿಟ್ಟನ್ನೂ ಈಗಲೇ ಮಾಡಿಸಿ.